ಎರಡನೇ ಗೇರು

ಹುಣಸಮಾರನಹಳ್ಳಿ ದಾಟಿದ್ದೇ ತಡ, ರಸ್ತೆ ಇಲ್ಲ.
ನಿನ್ನೆ ಇತ್ತು. ಇದೇ ಬಸ್ಸು, ಇದೇ ಕಿಟಕಿ ಸೀಟು,
ಜನವರಿಯ ಇದೇ ನಾಲ್ಕೂವರೆ.
ಇವತ್ತು ಮುಂಗಾಜಿನ ಆಚೆ
ಗಂಜಿಯಲ್ಲಿ ಅದ್ದಿದ ಪಂಚೆಯೊಂದನ್ನು
ಹಿಂಡದೆ ಹರವಿದಂತೆ.

ವಿಮಾನ ಹತ್ತುವವಳಲ್ಲ ನಾನು.
ಹತ್ತುವವರಿಗೆ ಕಾಫಿ ಕೊಡುವವಳು,
ಲೋಟಕ್ಕೆ ನೂರಾ ತೊಂಬತ್ತು.
ಆ ದುಡ್ಡಿಗೆ ನಮ್ಮ ಬೀದಿಯಲ್ಲಿ ಹನ್ನೆರಡು ಜನ ಕುಡಿಯುತ್ತಾರೆ.
ಮಂಜು ಕವಿದ ದಿನ ನನ್ನ ವ್ಯಾಪಾರ ಜೋರು,
ಹೇಳಿಕೊಳ್ಳಲು ನಾಚಿಕೆ.

ಮುನಿನಂಜಪ್ಪ ದೊಡ್ಡ ದೀಪ ಆರಿಸಿದ.
"ಇದ್ದ ಬೆಳಕೂ ಹೋಯ್ತಲ್ಲಪ್ಪ" ಅಂದ ಟೈ ಕಟ್ಟಿದ ಹುಡುಗ.
"ಜಾಸ್ತಿ ಬೆಳಕಿಗೆ ಮಂಜೇ ಕಾಣೋದು ಸ್ವಾಮಿ.
ರಸ್ತೆ ಬೇಕಂದ್ರೆ ತಲೆ ತಗ್ಗಿಸ್ಬೇಕು."
ದೀಪದ ತಲೆ, ಅವನು ಹೇಳಿದ್ದು.
ಎರಡನೇ ಗೇರು. ಎಡಗಡೆಯ ಬಿಳಿ ಗೆರೆಯನ್ನು
ಇರುವೆ ಸಾಲಿನ ಹಿಂದೆ ಬಿದ್ದ ಮಗುವಿನ ಹಾಗೆ
ಹಿಡಿದು ಹೊರಟ.

ಚಿಕ್ಕಜಾಲದ ಹತ್ತಿರ ಅದೂ ನಿಂತಿತು.
ಮುಂದೆ ಕ್ಯಾರೆಟ್ ತುಂಬಿದ ಕ್ಯಾಂಟರು ಡಿವೈಡರ್ ಹತ್ತಿದೆಯಂತೆ,
ಯಾರಿಗೂ ಏನೂ ಆಗಿಲ್ಲವಂತೆ.
ಅಂತೆ, ಅಂತೆ. ಮಂಜಿನಲ್ಲಿ ಸುದ್ದಿಗೂ ಮುಖವಿಲ್ಲ.
ಹಿಂದೆ ಹಾರನ್ನು. ಒಳಗೆ ಫೋನು:
"ಆರೂ ಹತ್ತಕ್ಕೆ ಫ್ಲೈಟು, ಇಲ್ಲೇ ಇದೀನಿ,
ಇಲ್ಲೇ ಅಂದ್ರೆ... ಗೊತ್ತಿಲ್ಲ."

ಎಂಜಿನ್ ಆರಿಸಿ ತಿರುಗಿ ಕೂತ. ಮಾತಾಡುವವನಲ್ಲ.
ಹನ್ನೊಂದು ಚಳಿಗಾಲ ದ್ರಾಸಿನ ಕಡೆ ಪಲ್ಟನ್ನಿನ ಲಾರಿ ಓಡಿಸಿದ್ದು
ನನಗೂ ಗೊತ್ತಾದದ್ದು ಆಗಲೇ.
"ಅಲ್ಲಿ ಬೀಳೋದೂ ಮಂಜೇ, ಇಲ್ಲಿ ನಿಲ್ಲೋದೂ ಮಂಜೇ.
ನಮ್ಮೋರು ಎರಡಕ್ಕೂ ಒಂದೇ ಹೆಸರಿಟ್ಟವ್ರೆ, ಕಂಡೋರಲ್ಲ ಪಾಪ.
ಅದು ತೂಕ ಇರೋ ಮಂಜು. ಒದ್ದರೂ ಬಾಗಿಲು ತೆಗೆಯಕ್ಕಾಗಲ್ಲ.
ಚಕ್ರಕ್ಕೆ ಸರಪಣಿ ಕಟ್ಟುವಾಗ
ಬೆರಳಿನ ತೊಗಲು ಕಬ್ಬಿಣಕ್ಕೇ ಅಂಟ್ಕೊಳ್ಳೋದು.
ಒಂದ್ಸಲ ಮೂರು ರಾತ್ರಿ ಒಂದೇ ತಿರುವಲ್ಲಿ, ಹದಿನಾಲ್ಕು ಗಾಡಿ.
ಹುರಿಗಡಲೆ ಇತ್ತು, ಬೆಲ್ಲ ಇತ್ತು. ನಿದ್ದೆ ಮಾತ್ರ ಮಾಡಂಗಿಲ್ಲ.
ಗಂಟೆಗೊಂದ್ಸಲ ಇಳಿದು ಹಿಂದಿನ ಗಾಡಿ ಬಾಗಿಲು ಬಡೀಬೇಕು,
ಒಳಗಿಂದ ಅವನು ಬಡೀಬೇಕು. ಆಮೇಲೆ ಅವನಿಳಿದು ಅವನ ಹಿಂದಿನದು.
ಹಂಗೇ ಕೊನೇತನಕ."

"ಎಲ್ಲಾರೂ ಬಡಿದ್ರಾ?" ಕೇಳಿದಳು ಕಂಡಕ್ಟರ್ ಹೊನ್ನಗಂಗಮ್ಮ.
ಅವನು ಸೀಟಿನಡಿ ಟಾರ್ಚು ಹುಡುಕುತ್ತಿದ್ದ.

ಇಳಿದು ಹೋದ. ಬಿಳುಪು ಅವನನ್ನು
ಮೊದಲು ಕಾಲು, ಆಮೇಲೆ ಖಾಕಿ, ಆಮೇಲೆ ಟಾರ್ಚಿನ ಬೆಳಕು,
ಹೀಗೆ ನುಂಗಿತು.
ಟಕ್ ಟಕ್. ಯಾವುದೋ ಕಾರಿನ ಗಾಜು.
"ಹಾರನ್ ಬೇಡ ಗುರು. ದೀಪ ಮಿಣುಕಿಸ್ತಾ ಇರು, ಹಿಂದಿನೋನಿಗೂ ಹೇಳು."
ಟಕ್ ಟಕ್. ಇನ್ನೊಂದು. ಇನ್ನೂ ದೂರ
ಅವನದಲ್ಲದ ಕೈಯಿಂದ ಇನ್ನೊಂದು.
ಹಾರನ್ನು ಒಂದೊಂದಾಗಿ ಆರಿ
ಹಿಂಗಾಜಿನಲ್ಲಿ ಕಿತ್ತಳೆ ಚುಕ್ಕಿಗಳು ಹುಟ್ಟಿದವು.
ಎಷ್ಟು ಉದ್ದವಿತ್ತು ನಮ್ಮ ಸಾಲು!

ಏಳೂಕಾಲಕ್ಕೆ ತಲುಪಿದೆವು. ಟೈ ಹುಡುಗ ಓಡಿದ,
ಓಡಬೇಕಿರಲಿಲ್ಲ.
ಬೋರ್ಡಿನ ತುಂಬ ಒಂದೇ ಕೆಂಪು ಮಾತು.
ನೆಲದ ಮೇಲೆ ಸೂಟ್‌ಕೇಸಿಗೆ ತಲೆ ಕೊಟ್ಟವರು,
ಮದುವೆಯ ಮೆಹಂದಿ ಮಾಸದ ಕೈಯಲ್ಲಿ ಚಾರ್ಜರ್ ಹಿಡಿದು
ಪ್ಲಗ್ಗಿಗೆ ಅಲೆಯುವವಳು, ಯಾರೊಂದಿಗೋ ಜಗಳ.

ಏಪ್ರನ್ ಕಟ್ಟಿದೆ. ಡಿಕಾಕ್ಷನ್ ಇಳಿಯಲು ಬಿಟ್ಟು
ಸಾಲು ನೋಡಿದೆ, ಬಾಗಿಲ ತನಕ.
ಯಾಕೋ ಚಮಚದಿಂದ ಕೌಂಟರಿನ ಸ್ಟೀಲಿಗೆ
ಎರಡು ಸಲ ಬಡಿದೆ.

ಕೆಲವರು ತಲೆಯೆತ್ತಿದರು, ಅಷ್ಟೆ.
ಕೊನೆಯಲ್ಲೆಲ್ಲೋ, ನನಗೆ ಕಾಣದ ಒಬ್ಬರು
ಟ್ರಾಲಿಯ ಕಂಬಿಗೆ ಉಂಗುರ ತಾಗಿಸಿ
ಟಕ್ ಎಂದರು. ಒಂದೇ ಸಲ.